ಅಯ್ಯಮ್ಮನ ಮೂವರು ಗಂಡಂದಿರು

"ಅಕ್ಕಾ, ಬ್ಯಾಸರ ಮಾಡ್ಕೋಬ್ಯಾಡ, ಒಂದ್ ಮಾತು ಕೇಳ್ತೀನಿ. ನಿನಗ ಒಟ್ಟು ಎಷ್ಟು ಮಂದಿ ಗಂಡಂದಿರು?"

ಶಹಾಪುರದ ಆ ಸೇವಾ ಕೇಂದ್ರದಲ್ಲಿ ಸರದಿಗೆ ಕಾದಿದ್ದವರೆಲ್ಲ ಒಮ್ಮೆಲೇ ತಲೆ ಎತ್ತಿದರು. ಮೊಬೈಲ್ ನೋಡುತ್ತಿದ್ದವನು ಮೊಬೈಲ್ ಬಿಟ್ಟ. ತೂಕಡಿಸುತ್ತಿದ್ದ ಮುದುಕ ಎಚ್ಚರಗೊಂಡು ಕುರ್ಚಿಯನ್ನು ಅರ್ಧ ಅಡಿ ಮುಂದೆ ಎಳೆದುಕೊಂಡ.

ಅಯ್ಯಮ್ಮನ ಮುಖ ಕೆಂಪಾಯಿತು. ಪಕ್ಕದಲ್ಲಿದ್ದ ಅತ್ತೆ ಭೀಮವ್ವನ ಮುಖ ಅದಕ್ಕಿಂತ ಕೆಂಪಾಯಿತು.

"ಏ ಹುಡುಗಿ, ನಾಲಿಗಿ ಬಿಗಿ ಹಿಡಿ! ಮರ್ಯಾದಸ್ತರ ಮನಿ ಸೊಸಿ ಈಕಿ."

"ನಾ ಅನ್ನಾಕತ್ತಿಲ್ಲ ಆಯಿ, ಕಂಪ್ಯೂಟರ್ ಅನ್ನಾಕತ್ತದ. ನೀವ ನೋಡ್ರಿ."

ಕಂಪ್ಯೂಟರ್ ಮುಂದೆ ಕೂತಿದ್ದ ರೇವತಿಗೆ ಕೀಟಲೆ ಮಾಡದೆ ಒಂದು ಅರ್ಜಿಯನ್ನೂ ಮುಗಿಸಿ ಗೊತ್ತಿರಲಿಲ್ಲ. ವಾರಕ್ಕೊಂದು ಸಿನಿಮಾ ತಪ್ಪಿದರೆ ಅವಳಿಗೆ ಜ್ವರ ಬರುತ್ತಿತ್ತು ಎಂದು ಅವಳ ತಾಯಿ ಹೇಳುತ್ತಿದ್ದಳು. "ಈ ಕುರ್ಚಿ ಮ್ಯಾಲ ರೇವತಿ ಕುಂತ್ರ ಸರ್ವರ್ ಸೈತ ಎದ್ದು ನಿಂದರ್ತದ" ಎಂಬುದು ಅವಳು ದಿನಾ ಬೆಳಿಗ್ಗೆ ಬಾಗಿಲು ತೆಗೆಯುವಾಗ ಹೇಳುವ ಮಾತು. ಈಗ ಅವಳು ಪರದೆಯನ್ನು ಇವರ ಕಡೆಗೆ ತಿರುಗಿಸಿ ಬೆರಳಿಟ್ಟು ತೋರಿಸಿದಳು.

"ಆಧಾರದಾಗ ನಿನ್ನ ಗಂಡ ಅಂಬ್ರಪ್ಪ. ರೇಷನ್ ಕಾರ್ಡಿನಾಗ ಪೈಲ್ವಾನಪ್ಪ. ಮಗಳು ಹುಟ್ಟಿದಾಗಿನ ತಾಯಿ ಕಾರ್ಡಿನಾಗ ಸಾಬಣ್ಣ. ಹೀರೋಯಿನ್ ಒಬ್ಬಾಕಿ, ಹೀರೋ ಮೂರು ಮಂದಿ. ಇಂಥಾ ಪಿಚ್ಚರ್ ನಾ ಇನ್ನೂ ನೋಡಿಲ್ಲ ಬಿಡಕ್ಕ."

ಸರದಿಯಲ್ಲಿದ್ದವರು ನಕ್ಕರು. ಅಯ್ಯಮ್ಮನಿಗೆ ನಗು ಬರಲಿಲ್ಲ. ಆ ಮೂವರೂ ಒಬ್ಬನೇ, ಮತ್ತು ಆ ಒಬ್ಬ ಯಾದಗಿರಿಯ ಆಸ್ಪತ್ರೆಯ ಮಂಚದ ಮೇಲೆ ಹೊಟ್ಟೆ ಹಿಡಿದುಕೊಂಡು ಮಲಗಿದ್ದ.

ಅಂಬ್ರಪ್ಪ ಹುಣಸಗಿಯ ಗಂಜಿನಲ್ಲಿ, ಅಂದರೆ ಕಾಳುಕಡಿ ಮಾರುಕಟ್ಟೆಯಲ್ಲಿ, ಹಮಾಲ. ಚೀಲ ಹೊತ್ತು ಹೊತ್ತು ಹರ್ನಿಯಾ ಆಗಿತ್ತು. ಕರುಳು ಯಾವಾಗ ಬೇಕಾದರೂ ಸಿಕ್ಕಿಹಾಕಿಕೊಳ್ಳಬಹುದು, ಹಾಗಾದರೆ ಜೀವಕ್ಕೆ ಕಷ್ಟ ಎಂದು ಡಾಕ್ಟರು ಹೇಳಿದ್ದರು. ಆಪರೇಷನ್ ಮಾಡುವ ದೊಡ್ಡ ಡಾಕ್ಟರು ನಾಳೆ ಬರುವವರು. ನಾಳೆ ತಪ್ಪಿದರೆ ಮತ್ತೆ ಬರುವುದು ಮುಂದಿನ ತಿಂಗಳು. ಅಷ್ಟರೊಳಗೆ ಸರ್ಕಾರದ ಆರೋಗ್ಯ ಕಾರ್ಡಿನಿಂದ ಮಂಜೂರಿ ಬರಬೇಕಿತ್ತು. ಕಾರ್ಡು ಮನೆಯ ರೇಷನ್ ಕಾರ್ಡನ್ನು ಕೇಳುತ್ತಿತ್ತು. ರೇಷನ್ ಕಾರ್ಡು ಮಾತ್ರ ಅಂಬ್ರಪ್ಪ ಎಂಬ ಮನುಷ್ಯ ಈ ಮನೆಯಲ್ಲೇ ಇಲ್ಲ ಅನ್ನುತ್ತಿತ್ತು.

ಯಾರೂ ಸುಳ್ಳು ಬರೆಸಿರಲಿಲ್ಲ. ಸುರಪುರದ ಅವರ ಓಣಿಯಲ್ಲಿ ಹೆಂಡತಿ ಗಂಡನ ಹೆಸರು ಹೇಳುವ ಪದ್ಧತಿ ಇರಲಿಲ್ಲ, ಅಷ್ಟೇ. ರೇಷನ್ ಕಾರ್ಡಿನವರು ಬಾಗಿಲಿಗೆ ಬಂದು ಗಂಡನ ಹೆಸರು ಕೇಳಿದಾಗ ಅಯ್ಯಮ್ಮ ಸೆರಗನ್ನು ಬಾಯಿಗೆ ಹಿಡಿದು ನಿಂತಳು. ಎದುರು ಮನೆಯ ಮದೀನಾಬೀ ತನ್ನ ಕಟ್ಟೆಯ ಮೇಲಿಂದಲೇ "ಪೈಲ್ವಾನ್ ಅಂತ ಬರ್ಕೊಳ್ರಿ!" ಎಂದು ಕೂಗಿದಳು. ಎರಡು ಚೀಲ ಒಟ್ಟಿಗೆ ಎತ್ತುವ ಅಂಬ್ರಪ್ಪನಿಗೆ ಓಣಿಯೇ ಇಟ್ಟ ಹೆಸರದು. ಬಂದಿದ್ದವನು ಮರ್ಯಾದೆಗೆಂದು ಕೊನೆಗೊಂದು 'ಅಪ್ಪ' ಸೇರಿಸಿ ಬರೆದುಕೊಂಡು ಹೋದ. ಅಂಬ್ರಪ್ಪ ಗಂಜಿನಲ್ಲಿದ್ದ, ಬೆರಳಚ್ಚು ಕೊಡಲು ಆಮೇಲೂ ಹೋಗಲಿಲ್ಲ. ಹೆರಿಗೆಯ ಹೊತ್ತಿನಲ್ಲಿ ಹೆಸರು ಹೇಳಿದವಳು ಭೀಮವ್ವ. ಅವಳ ಪಾಡು ಇನ್ನೂ ಬೇರೆ. ಅಂಬ್ರಪ್ಪ ಎಂಬುದು ಅವಳ ಮಾವನ ಹೆಸರು; ಮೊಮ್ಮಗನಿಗೆ ಅದನ್ನೇ ಇಟ್ಟಿದ್ದರು. ಮಾವನ ಹೆಸರು ಬಾಯಲ್ಲಿ ಬರಬಾರದೆಂದು ತಾನು ಹೆತ್ತ ಮಗನನ್ನೇ ಅವಳು ತೊಟ್ಟಿಲಿನಿಂದಲೂ ಸಾಬಣ್ಣ ಎಂದು ಕರೆದವಳು.

"ಇಷ್ಟು ವರ್ಷ ನಡೀತಲ್ಲವಾ? ಈಗೇನಾತು?" ಎಂದಳು ಅಯ್ಯಮ್ಮ.

"ಮೊದಲು ಆ ಆಫೀಸಿಗೆ, ಈ ಆಫೀಸಿಗೆ ಮಾತೇ ಇರಲಿಲ್ಲಕ್ಕ. ಪಾಲಾದ ಅಣ್ಣತಮ್ಮರ ಇದ್ದಂಗ ಇದ್ವು. ಈಗ ಎಲ್ಲಾ ಕಂಪ್ಯೂಟರ್ ಕೂಡಿಸ್ಯಾರ. ಒಂದಕ್ಕೊಂದು ಕೇಳಾಕತ್ತಾವ, 'ಅಯ್ಯಮ್ಮನ ಗಂಡ ಯಾರಪಾ?' ಅಂತ. ಮೂರೂ ಮೂರು ಹೆಸರು ಹೇಳಾಕತ್ತಾವ."

"ಹಂಗಾರ ಮೂರೂ ಆಫೀಸಿಗೆ ತಿರುಗಬೇಕೇನು? ಇವತ್ತ ಹೆಂಗ ಆಗ್ತದವ್ವ?"

"ತಿರುಗೋ ಕಾಲ ಹೋತು. ಇಲ್ಲೇ ಕುಂತು ಒಂದ್ ಸಲ ಹೇಳಿಬಿಡು, ಎಲ್ಲಾ ಕಡಿ ತಿದ್ಕೊಂತದ. ರೇಷನ್ ಕಾರ್ಡಿನಾಗ ಮನಿ ಯಜಮಾನಿ ನೀನ. ಈ ಕ್ಯಾಮೆರಾ ನೋಡಿ, ನನ್ನ ಗಂಡನ ಹೆಸರು ಇಂಥಾದ್ದು ಅಂತ ನಿನ್ನ ಬಾಯಿಲೆ ಹೇಳಬೇಕು. ಡಬ್ಬಿಂಗ್ ನಡಿಯಂಗಿಲ್ಲ. ಸ್ವಂತ ದನಿ. ಹೂಂ, ಆಕ್ಷನ್!"

ಅಯ್ಯಮ್ಮ ಸೆರಗು ಸರಿಮಾಡಿಕೊಂಡು ಕ್ಯಾಮೆರಾ ನೋಡಿದಳು. "ನಮ್ಮ ಮನಿಯವ್ರು," ಎಂದಳು.

"ಅದು ಹೆಸರಲ್ಲಕ್ಕ."

"ನಮ್ಮ ಸುಮಂಗಲಾನ ಅಪ್ಪ."

"ಸುಮಂಗಲಾನ ಅಪ್ಪನ ಹೆಸರು?"

"ನಮ್ಮ ಮನಿಯವ್ರು."

ರೇವತಿ ಹಣೆ ಹಣೆ ಬಡಿದುಕೊಂಡಳು. ಆಮೇಲೆ ಅವಳ ಕಣ್ಣಲ್ಲಿ ಕೀಟಲೆ ಮಿಂಚಿತು. ಮೌಸಿನ ಮೇಲೆ ಬೆರಳಿಟ್ಟು, "ಆತು ಬಿಡು. ಪೈಲ್ವಾನಪ್ಪನ್ನೇ ಖಾಯಂ ಮಾಡಿಬಿಡ್ತೀನಿ. ಇನ್ನ ಮ್ಯಾಲ ಅವನೇ ನಿನ್ನ ಗಂಡ. ಒತ್ತಲ್ಯಾ? ಒತ್ತಿದೆ ನೋಡು..." ಎಂದಳು.

ಗಾಬರಿಯಲ್ಲಿ ಅಯ್ಯಮ್ಮ ಹೆಸರು ಹೇಳಿಬಿಡುತ್ತಾಳೆ ಎಂದುಕೊಂಡಿದ್ದಳು ರೇವತಿ. ಹೆಸರು ಬರಲಿಲ್ಲ. ಅಯ್ಯಮ್ಮನ ಕಣ್ಣಲ್ಲಿ ನೀರು ಬಂತು.

"ನಗಚಾಟಿಕಿ ಮಾಡಬ್ಯಾಡ ತಂಗಿ. ಹೆಂಡ್ತಿ ಹೆಸರು ಹಿಡಿದ್ರ ಗಂಡನ ಆಯುಷ್ಯ ಕಡಿಮಿ ಆಗ್ತದಂತ. ಬ್ಯಾರೆ ದಿನ ಆಗಿದ್ರ ಹೆಂಗರ ಗಟ್ಟಿ ಮನಸು ಮಾಡ್ತಿದ್ದೆ. ನಾಳಿಗಿ ಅವ್ರ ಹೊಟ್ಟಿ ಕೊಯ್ತಾರ. ಇವತ್ತ ಹಿಡಿಲ್ಯಾ? ಏನರ ಹೆಚ್ಚುಕಮ್ಮಿ ಆದ್ರ ನಾ ಹೆಂಗ ಬದುಕ್ಲಿ?"

ರೇವತಿಯ ಬೆರಳು ಮೌಸಿನಿಂದ ಜಾರಿತು.

"ಈಗಿನ ಕಾಲದಾಗ ಇದನ್ನೆಲ್ಲ ಯಾರು ನಂಬ್ತಾರವ್ವ," ಎಂದ ಮೊಬೈಲಿನವನು.

"ನಿನಗೇನು, ಹೆಂಡ್ತಿ ಹೆಸರು ಹಿಡಿದು ಬೈಯ್ಯಾಂವ ನೀನು," ಎಂದು ಮೂಲೆಯಲ್ಲಿದ್ದ ಒಬ್ಬ ಹೆಂಗಸು ಅವನ ಬಾಯಿ ಮುಚ್ಚಿಸಿದಳು. "ಅಂಜಿಕಿ ಇದ್ದಾಕಿಗಿ ಗೊತ್ತು."

ಆಗ ಅಯ್ಯಮ್ಮನ ಫೋನ್ ಹೊಡೆದುಕೊಂಡಿತು. ಆಸ್ಪತ್ರೆಯಲ್ಲಿ ಅಂಬ್ರಪ್ಪನ ಜೊತೆಗಿದ್ದ ಮೆಹಬೂಬ, ಮದೀನಾಬೀಯ ಗಂಡ. ಅವನೂ ಗಂಜಿನ ಹಮಾಲನೇ.

"ಭಾಬಿ, ಮಂಜೂರಿ ಬಂತೇನು ಅಂತ ನರ್ಸಮ್ಮ ಕೇಳಾಕತ್ತಾರ. ಸಂಜೀಕ ನಾಳಿನ ಆಪರೇಷನ್ ಹೆಸರು ಬರಿತಾರಂತ. ಪೈಲ್ವಾನ್ ಭಾಳ ನರಳಾಕತ್ತಾನ. ಜಲ್ದಿ ಮಾಡ್ರಿ."

ಫೋನಿನ ದನಿ ಎಲ್ಲರಿಗೂ ಕೇಳಿಸಿತ್ತು. ಅಯ್ಯಮ್ಮ ಅತ್ತೆಯ ಕಡೆ ನೋಡಿದಳು. ಮದುವೆಯಾಗಿ ಬಂದ ಮರುದಿನ ಒಲೆಯ ಮುಂದೆ ಕೂಡಿಸಿ, ಗಂಡನ ಹೆಸರು ಹಿಡಿಯಬಾರದೆಂದು ಹೇಳಿಕೊಟ್ಟವಳು ಈ ಭೀಮವ್ವನೇ.

ಭೀಮವ್ವ ಸೊಸೆಯ ಕಡೆಗೆ ತಿರುಗಿ ಕೂತಳು.

"ಅಯ್ಯವ್ವ," ಎಂದಳು. "ನಿಮ್ಮ ಮಾವನ ಹೆಸರು ನಾ ಒಂದ್ ದಿನಾನೂ ಹಿಡಿಲಿಲ್ಲ. ಸಂತ್ಯಾಗ ಕಳಕೊಂಡಾಗ ಸೈತ 'ಏನ್ರೀ, ಏನ್ರೀ' ಅಂತ ಒದರಿದೆ. ಸಂತಿ ಗಂಡಸರೆಲ್ಲಾ ತಿರುಗಿ ನೋಡಿದ್ರು, ಅವ್ರೊಬ್ರು ನೋಡಲಿಲ್ಲ."

ಯಾರೋ ಕಿಸಕ್ಕೆಂದರು. ಭೀಮವ್ವ ನಗಲಿಲ್ಲ.

"ಅಷ್ಟು ಜ್ವಾಕಿ ಮಾಡಿದೆ. ಆದ್ರೂ ಹರೇದಾಗ ಹೋದ್ರು. ನಾ ಹೆಸರು ಹಿಡಿಲಿಲ್ಲ ಅಂತ ಸಾವು ಹಿಂದ ಸರಿಲಿಲ್ಲ."

ಅವಳು ಮೊಣಕಾಲಿಗೆ ಕೈಯೂರಿ ಎದ್ದಳು. "ನಾ ಇಲ್ಲೇ ಕುಂತ್ರ ನಿನಗ ಬಾಯಿ ಬರಂಗಿಲ್ಲ. ಹೊರಗ ಕುಂದರ್ತೀನಿ. ಹೇಳು." ಇಷ್ಟು ಹೇಳಿ, ಬಾಗಿಲು ದಾಟಿ, ಭಜಿ ಬಂಡಿಯ ಪಕ್ಕದ ಮೆಟ್ಟಿಲ ಮೇಲೆ ಇವರಿಗೆ ಬೆನ್ನು ಮಾಡಿ ಕೂತಳು.

ರೇವತಿ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಈ ಸಲ ಆಕ್ಷನ್ ಅನ್ನಲಿಲ್ಲ. "ನೀ ಯಾವಾಗ ತಯಾರಾಗ್ತಿ, ಆವಾಗ ಹೇಳಕ್ಕ. ನಾ ಕಾಯ್ತೀನಿ," ಎಂದಳು.

"ನನ್ನ ಹೆಸರು ಅಯ್ಯಮ್ಮ." ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. "ನನ್ನ ಗಂಡನ ಹೆಸರು..."

ಇಷ್ಟು ವರ್ಷ ಅವಳ ಎದೆಯಲ್ಲೇ ಓಡಾಡಿಕೊಂಡಿದ್ದ ಹೆಸರು ತುಟಿಯವರೆಗೆ ಬಂದು ನಿಂತಿತು. ಅವಳು ಕಣ್ಣು ಮುಚ್ಚಿದಳು.

"ಅಂಬ್ರಪ್ಪ."

ಮೇಲೆ ಫ್ಯಾನು ಮೊದಲಿನಂತೆಯೇ ಕಿರ್ ಕಿರ್ ಅನ್ನುತ್ತಿತ್ತು. ಹೊರಗೆ ಸುರಪುರದ ಬಸ್ಸು ಹಾರ್ನ್ ಹೊಡೆದುಕೊಂಡು ಹೋಯಿತು. ಅಯ್ಯಮ್ಮ ಒಂದು ಕಣ್ಣು ತೆರೆದು ನೋಡಿದಳು. ಎಲ್ಲವೂ ಇದ್ದಲ್ಲೇ ಇತ್ತು.

ಪರದೆಯ ಮೇಲೆ ಚಕ್ರ ತಿರುಗತೊಡಗಿತು. "ಇಂಟರ್ವಲ್ ಅಕ್ಕ, ಎಲ್ಲೂ ಹೋಗಬ್ಯಾಡ," ಎಂದಳು ರೇವತಿ. ಸರದಿಯಲ್ಲಿದ್ದವರೆಲ್ಲ ಸರದಿ ಮರೆತು ಅವಳ ಬೆನ್ನ ಹಿಂದೆ ಬಂದು ನಿಂತಿದ್ದರು. ರೇಷನ್ ಕಾರ್ಡಿನ ಮುಂದಿದ್ದ ಕೆಂಪು ಗುರುತು ಹಸಿರಾಯಿತು. ತಾಯಿ ಕಾರ್ಡಿನದೂ ಹಸಿರಾಯಿತು. ಆರೋಗ್ಯ ಕಾರ್ಡಿನದು ಮಾತ್ರ ಕೆಂಪಾಗಿಯೇ ಉಳಿಯಿತು. ಚಕ್ರ ತಿರುಗಿತು, ನಿಂತಿತು, ಮತ್ತೆ ತಿರುಗಿತು. ಮುದುಕ ಉಸಿರು ಬಿಗಿಹಿಡಿದಿದ್ದ.

"ಕ್ಲೈಮ್ಯಾಕ್ಸ್‌ದಾಗ ಕೈ ಕೊಟ್ಟಿ ಅಂದ್ರ ಪ್ಲಗ್ ಕಿತ್ತು ಒಗಿತೀನಿ ನೋಡು," ಎಂದು ರೇವತಿ ಕಂಪ್ಯೂಟರಿಗೆ ಧಮಕಿ ಹಾಕಿದಳು.

ಧಮಕಿಗೆ ಹೆದರಿತೋ ಏನೋ, ಮೂರನೆಯದೂ ಹಸಿರಾಯಿತು.

ರೇವತಿ ಎರಡು ಬೆರಳು ಬಾಯಿಗಿಟ್ಟು ಹೊಡೆದ ಸಿಳ್ಳೆಗೆ ಹೊರಗಿನ ಭಜಿ ಬಂಡಿಯವನು ಸೌಟು ಬಿಟ್ಟ. ಸ್ವಲ್ಪ ಹೊತ್ತಿಗೆ ಮೆಹಬೂಬನ ಫೋನೂ ಬಂತು. "ಬಂತು ಭಾಬಿ, ಮಂಜೂರಿ ಬಂತು! ನಾಳಿನ ಆಪರೇಷನ್‌ದಾಗ ಹೆಸರು ಹಾಕ್ಯಾರ!" ಅಯ್ಯಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಲ್ಲೇ ಕೂತುಬಿಟ್ಟಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ಮೊದಲು ಯಾರಿಗೂ ತಿಳಿಯಲಿಲ್ಲ; ಸೆರಗು ಸರಿದಾಗ ನಗುತ್ತಿದ್ದಳು.

"ಪೈಲ್ವಾನಪ್ಪಗ, ಸಾಬಣ್ಣಗ ಇವತ್ತಿಗಿ ಸೋಡಚೀಟಿ ಆತಕ್ಕ," ಎಂದಳು ರೇವತಿ. "ಇನ್ನ ಉಳಿದಾಂವ ಒಬ್ಬನ. ಛಲೋತ್ನಾಗಿ ನೋಡ್ಕೊ."

"ಸಾಬಣ್ಣನ್ನ ನಾ ಬಿಡಂಗಿಲ್ಲ ನೋಡು," ಎಂದು ಬಾಗಿಲಲ್ಲಿ ನಿಂತಿದ್ದ ಭೀಮವ್ವ ಗದರಿದಳು. ಅವಳ ಕಣ್ಣಂಚೂ ಒದ್ದೆಯಾಗಿತ್ತು.

ಮರುದಿನ ಮಧ್ಯಾಹ್ನ ಯಾದಗಿರಿಯ ಆಸ್ಪತ್ರೆಯ ವಾರ್ಡಿನಲ್ಲಿ ಆಪರೇಷನ್ ಮುಗಿದ ನಾಲ್ಕೈದು ಗಂಡಸರು ಮಂಪರಿನಲ್ಲಿ ಮಲಗಿದ್ದರು. ಒಬ್ಬೊಬ್ಬರ ತಲೆಯ ಹತ್ತಿರ ಒಬ್ಬೊಬ್ಬ ಹೆಂಡತಿ. "ಏನ್ರೀ, ಏಳ್ರಿ." "ಏನ್ರೀ, ಕಣ್ ತಗೀರಿ." ವಾರ್ಡೆಲ್ಲ ಏನ್ರೀ ಏನ್ರೀ ಎನ್ನುತ್ತಿತ್ತು, ಒಬ್ಬನೂ ಕಣ್ಣು ತೆರೆಯುತ್ತಿರಲಿಲ್ಲ.

"ಹಿಂಗ ಎಲ್ಲಾರೂ ಏನ್ರೀ ಅಂದ್ರ ಅದರಾಗ ಯಾರು ಏಳಬೇಕ್ರವ್ವ?" ಎಂದು ನರ್ಸ್ ರೇಗಿದಳು. "ಹೆಸರು ಹಿಡಿದು ಕರೀರಿ!"

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಯ್ಯಮ್ಮ ಮಾತ್ರ ಗಂಡನ ಕಿವಿಯ ಹತ್ತಿರ ಬಾಗಿದಳು.

"ಅಂಬ್ರಪ್ಪನವ್ರ... ಅಂಬ್ರಪ್ಪನವ್ರ, ಕಣ್ ತಗೀರಿ."

ರೆಪ್ಪೆ ಅಲುಗಿತು. ಒಂದು ಕಣ್ಣು ಅರ್ಧ ತೆರೆಯಿತು.

"ಯಾರದು? ನೀನೇನ?" ನಾಲಿಗೆ ಇನ್ನೂ ತೊದಲುತ್ತಿತ್ತು. "ಇನ್ನೊಮ್ಮೆ ಕರಿ."

"ಕಂಪ್ಯೂಟರ್ ಒಂದ್ ಸಲಕ್ಕ ಒಪ್ಕೊಂತು. ನಿಮಗ್ಯಾಕ ಮತ್ತ ಮತ್ತ ಬೇಕು?"

ಅವನು ನಗಲು ಹೋಗಿ ಹೊಟ್ಟೆ ಹಿಡಿದುಕೊಂಡ. "ನಗಿಸಬ್ಯಾಡ, ಹೊಲಿಗಿ ಎಳಿತಾವ."

ಮಂಚದ ಕಾಲಬದಿಯಲ್ಲಿ ನಿಂತಿದ್ದ ಭೀಮವ್ವ ಮಗನ ಪಾದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಅವಳ ತುಟಿ ಏನನ್ನೋ ಹೇಳಲು ಹೋಗಿ ನಿಂತಿತು, ಮತ್ತೆ ಹೋಯಿತು.

"ಅಂಬ್ರಪ್ಪ," ಎಂದಳು, ಹೊಸ ಹೆಸರನ್ನು ನಾಲಿಗೆಯ ಮೇಲಿಟ್ಟು ನೋಡುವವಳ ಹಾಗೆ. "ನೀರು ಕುಡಿತಿಯೇನೋ?"

"ಈಗ್ಲೇ ನೀರು ಕೊಡಬ್ಯಾಡ್ರಿ ಆಯಿ," ಎಂದಳು ನರ್ಸ್ ಆ ತುದಿಯಿಂದ.

ಅಂಬ್ರಪ್ಪ ಎರಡೂ ಕಣ್ಣು ತೆರೆದು ತಾಯಿಯನ್ನು ನೋಡಿದ.

"ನೀರು ಬ್ಯಾಡವ್ವ," ಎಂದ. "ಕರಿಯೋದು ಬಿಡಬ್ಯಾಡ."