ಮರದ ಮೀನಿಗೆ ತಕ್ಕ ಕೋಲು

ಬಡಗಿಯಕ್ಕ ಎರಡು ತಿಂಗಳು ಕೂತು ಕೆತ್ತಿದ ಮರದ ಮೀನು ಒಂದು ಗೇಣಿಗಿಂತ ಉದ್ದವಿತ್ತು. ಮೂರು ತುಂಡು, ನಡುವೆ ಕೀಲು, ಹೊಟ್ಟೆಯಡಿ ಎರಡು ಕೊಕ್ಕೆ. ನೀರಲ್ಲಿ ಎಳೆದರೆ ಜೀವಂತ ಮೀನಿನ ಹಾಗೇ ಸೊಂಟ ಬಳುಕಿಸುತ್ತಿತ್ತು. ದೊಡ್ಡ ಮೀನಿಗೆ ಬಾಯಲ್ಲಿ ನೀರೂರಿಸಲು ಇಷ್ಟು ದೊಡ್ಡದೇ ಬೇಕು ಅನ್ನುವುದು ಅವಳ ಹಟ. ಆದರೆ ಅದನ್ನು ಎಸೆಯಬಲ್ಲ ಗಾಳದ ಕೋಲು ಮನೆಯಲ್ಲಿರಲಿಲ್ಲ. ಇದ್ದ ಎರಡೂ ಎಸೆದ ರಭಸಕ್ಕೇ ಲಟಕ್ಕೆಂದು ಮುರಿದಿದ್ದವು.

“ಅಕ್ಕಾ, ಇದು ಮೀನು ಹಿಡಿಯೋಕಾ, ಮೀನಿನ ತಲೆ ಒಡೆಯೋಕಾ?” ಎಂದು ತಮ್ಮ ನಕ್ಕ. ಮುರಿದ ಎರಡನೇ ಕೋಲು ಅವನದೇ; ನಗುವಿನಲ್ಲಿ ಸ್ವಲ್ಪ ಹೊಟ್ಟೆಯುರಿಯೂ ಇತ್ತು.

ಶನಿವಾರ ಇಬ್ಬರೂ ಗಾಳದ ಅಂಗಡಿಗೆ ಹೋದರು. ಅಂಗಡಿಯವನು ಮರದ ಮೀನನ್ನು ಅಂಗೈಯಲ್ಲಿ ತೂಗಿ ನೋಡಿ, ದಪ್ಪನೆಯ ಕೋಲೊಂದನ್ನು ತಂದಿಟ್ಟ.

“ಇದು ಬಗ್ಗೋದೇ ಇಲ್ಲ ಮೇಡಂ. ಕಣ್ಣು ಮುಚ್ಕೊಂಡು ತಗೊಳ್ಳಿ.”

“ಬಗ್ಗದಿದ್ರೆ ಭಾರ ಎಲ್ಲಾ ನನ್ನ ಭುಜಕ್ಕೇ ಬೀಳುತ್ತಲ್ಲ ಅಣ್ಣಾ? ಒಂದ್ಸಲ ಎಸೆದು ನೋಡ್ತೀನಿ.”

ಅಂಗಡಿಯ ಹಿಂದಿನ ಖಾಲಿ ಅಂಗಳದಲ್ಲಿ, ಕೊಕ್ಕೆ ಬಿಚ್ಚಿಟ್ಟು ಎಸೆದಳು. ಭುಜ ಚಳಕ್ಕೆಂದಿತು, ಮೀನು ಕಲ್ಲಿನಂತೆ ಹೋಗಿ ತಗಡಿನ ಚಾವಣಿಗೆ ಬಡಿಯಿತು. ಅವನು ಕೊಟ್ಟ ಎರಡನೆಯ ಕೋಲು ತೀರಾ ಮೆದು. ಮೀನು ತಮ್ಮನ ಕಾಲ ಬುಡಕ್ಕೇ ಬಿತ್ತು. ಅವನು ಹಾರಿ ಬದುಕಿಕೊಂಡ.

ಆಮೇಲೆ ಅವಳೇ ಒಳಗೆ ಹೋಗಿ, ಪ್ರತಿ ಕೋಲಿನ ಹಿಡಿಯ ಮೇಲೆ ಎಷ್ಟು ಭಾರ ಎಸೆಯಬಹುದೆಂದು ಬರೆದಿದ್ದನ್ನು ಓದತೊಡಗಿದಳು.

“ನನ್ನ ಮೀನು ಒಣಗಿದ್ದಾಗ ನೂರೆಪ್ಪತ್ತು ಗ್ರಾಂ. ನೆಂದು, ಕೊಕ್ಕೆನೂ ಸೇರಿದ್ರೆ ಇನ್ನೂರು,” ಎಂದಳು.

ಅಂಗಡಿಯವನ ಹುಬ್ಬು ಮೇಲೇರಿತು. “ನೆನೆಸಿ ತೂಗಿದ್ರಾ?”

“ಮರ ನೀರು ಕುಡಿಯುತ್ತೆ ಅಣ್ಣಾ. ಅದು ನಂಗೆ ಗೊತ್ತಿಲ್ದೆ ಇರುತ್ತಾ?”

ಮೂಲೆಯಲ್ಲಿ ಎಂಟಡಿಯ ಕೋಲೊಂದು ಧೂಳು ತಿನ್ನುತ್ತಿತ್ತು. ಇನ್ನೂರೈವತ್ತು ಗ್ರಾಂವರೆಗೆ ತಡೆಯುತ್ತಿತ್ತು. ಹಿಡಿ ಮೊಣಕೈ ದಾಟುವಷ್ಟು ಉದ್ದ. ಉದ್ದ ಜಾಸ್ತಿಯೆಂದು ಯಾರೂ ಅದನ್ನು ಮುಟ್ಟಿರಲಿಲ್ಲ. ಅವಳು ಎರಡೂ ಕೈಯಲ್ಲಿ ಹಿಡಿದು, ಅವಸರವಿಲ್ಲದೆ ಹಿಂದಕ್ಕೆ ಒಯ್ದಳು. ಭಾರಕ್ಕೆ ಕೋಲು ಅರ್ಧದವರೆಗೂ ಬಾಗಿತು. ಬೀಸಿದಳು. ಮೀನು ಅಂಗಳ ದಾಟಿ, ಗೋಡೆ ದಾಟಿ, ಆಚೆಯ ಖಾಲಿ ಜಾಗದಲ್ಲಿ ಬಿತ್ತು. ಭುಜ ಚಕಾರವೆತ್ತಲಿಲ್ಲ.

“ಇದೇ,” ಎಂದಳು.

ಮರುದಿನ ಬೆಳಿಗ್ಗೆ ಕೆರೆಯಲ್ಲಿ, ಮುಳುಗಿದ ಮರಗಳ ಸಾಲಿನಾಚೆ ಗುರಿಯಿಟ್ಟಳು. ದಡದಿಂದ ಅಲ್ಲಿಗೆ ಯಾರ ಗಾಳವೂ ಮುಟ್ಟಿದ್ದಿಲ್ಲ. ಮೊದಲ ಎಸೆತ ಕಡಿಮೆಯಾಯಿತು. ಎರಡನೆಯದು ಸಾಲನ್ನು ದಾಟಿ ಧೊಪ್ಪೆಂದಿತು. ನಾಲ್ಕು ಸುತ್ತು ದಾರ ಎಳೆದಿದ್ದಳೋ ಇಲ್ಲವೋ, ನೀರು ಒಡೆದು ದೊಡ್ಡ ಬಾಲವೊಂದು ಎದ್ದಿತು.

“ಬಿಡಬೇಡ ಅಕ್ಕಾ!”

“ಬಿಡೋಕೆ ಬಂದಿದೀನೇನೋ ನಾನು!”

ಮೀನು ಮರಗಳೊಳಗೆ ನುಗ್ಗಲು ನೋಡಿತು. ಕೋಲು ಹಿಡಿಯ ತನಕ ಬಾಗಿತು, ಮುರಿಯಲಿಲ್ಲ. ಹಿಡಿಯನ್ನು ಪಕ್ಕೆಗೆ ಒತ್ತಿಕೊಂಡು ಅವಳು ಹೆಜ್ಜೆ ಹೆಜ್ಜೆಯಾಗಿ ಹಿಂದೆ ಸರಿದಳು. ಕಾಲು ಗಂಟೆಯಾದ ಮೇಲೆ ಬೂಟು ಸಮೇತ ತಮ್ಮ ನೀರಿಗಿಳಿದು, ತೋಳಿನುದ್ದದ ಮೀನನ್ನು ಮಗುವಿನಂತೆ ಎತ್ತಿಕೊಂಡ.

“ಗೆದ್ದೆ ಕಣೋ!” ಅವಳು ಕೂಗಿದ ಕೂಗಿಗೆ ಆಚೆ ದಡದವರೂ ಎದ್ದು ನಿಂತರು.

ಫೋಟೋ ತೆಗೆದು ಮೀನನ್ನು ನೀರಿಗೆ ಬಿಟ್ಟರು. ತಮ್ಮ ನೀರಿನ ಬಾಟಲಿಯ ಮುಚ್ಚಳ ತೆಗೆದುಕೊಟ್ಟ. ಒಂದೇ ಗುಟುಕಿಗೆ ಅರ್ಧ ಕುಡಿದು, ಬಾಯಿ ಒರೆಸಿಕೊಂಡು, ಅವಳು ಮತ್ತೆ ಕೋಲೆತ್ತಿದಳು.