ಸಾರಥಿಯನ್ನು ಯಾರೂ ಕೇಳುವುದಿಲ್ಲ

ಮೂಡಲಪಾಯ ಯಕ್ಷಗಾನದ ಆಟದಲ್ಲಿ ರಾಜನಾಗಲಿ ರಾಕ್ಷಸನಾಗಲಿ, ರಂಗಕ್ಕೆ ಬಂದು ಕುಣಿದ ಮೇಲೆ ಸುಮ್ಮನೆ ನಿಲ್ಲಬೇಕು. ಆಗ ಸಾರಥಿ ಮುಂದೆ ಬಂದು, ‘ತಾವು ದಾರು? ತಮ್ಮ ನಾಮಾಂಕಿತವೇನು?’ ಎಂದು ವಿಚಾರಿಸಬೇಕು. ಅವನು ಕೇಳುವವರೆಗೆ ದೇವೇಂದ್ರನೂ ಬಾಯಿ ತೆರೆಯುವಂತಿಲ್ಲ. ಚನ್ನರಾಯನದುರ್ಗದ ಪರ್ವತಯ್ಯ ಹೀಗೆ ಕೇಳುತ್ತ ಕೇಳುತ್ತಲೇ ತಲೆ ಬೆಳ್ಳಗಾಗಿಸಿಕೊಂಡಿದ್ದ. ಅವನನ್ನು ಮಾತ್ರ ಯಾರೂ ನೀನು ಯಾರೆಂದು ಕೇಳಿರಲಿಲ್ಲ. ಸಾರಥಿಯನ್ನು ಕೇಳುವ ಪದ್ಧತಿಯೇ ಇಲ್ಲ.

ಇಷ್ಟು ವರ್ಷ ಅದು ಅವನನ್ನು ಬಾಧಿಸಿರಲಿಲ್ಲ. ಬಾಧಿಸತೊಡಗಿದ್ದು ಅವನ ಆಟದ ತಂಡವಾದ ಕಲಾ ಪರಿಷತ್ತಿಗೆ ಬೆಳ್ಳಿಹಬ್ಬ ಬಂದಾಗ.

ಮಧುಗಿರಿಯಲ್ಲಿ ಜೆರಾಕ್ಸ್ ಅಂಗಡಿಯ ಮೇಲಿರುವ ಪರಿಷತ್ತಿನ ಕೋಣೆಯಲ್ಲಿ, ಕಾರ್ಯದರ್ಶಿ ಅಶ್ವಿನಿ ಹೊಸ ಪ್ರಸಂಗವನ್ನು ಓದಿದಳು. ಪರಿಷತ್ತು ಹುಟ್ಟಿದ ಕಥೆಯನ್ನೇ ಆಟವಾಗಿ ಬರೆದಿದ್ದಳು. ಊರೂರಲ್ಲಿ ಆಟ ನಿಂತುಹೋದದ್ದು, ಅಟ್ಟ ಸೇರಿದ ಕಿರೀಟ, ಭುಜಕೀರ್ತಿಗಳು, ಅವನ್ನು ಕೆಳಗಿಳಿಸಿ ನಾಲ್ಕು ತಾಲ್ಲೂಕಿನಲ್ಲಿ ಮತ್ತೆ ಗೆಜ್ಜೆ ಕಟ್ಟಿಸಿದ ಮಹಾನುಭಾವ. ಆ ಮಹಾನುಭಾವ ಬುಕ್ಕಾಪಟ್ಟಣದ ಮುತ್ತುರಾಜು. ಪಾತ್ರವೂ ಅವನದೇ, ವೇಷ ಕಟ್ಟಿ ಆಡುವವನೂ ಅವನೇ.

“ನಂದು?” ಎಂದ ಪರ್ವತಯ್ಯ.

“ಅಯ್ಯೋ, ನೀವು ಸಾರಥಿ ಅಲ್ವಾ ಸಾರ್! ಶುರುವಿಂದ ಕೊನೆವರೆಗೂ ಸ್ಟೇಜ್ ಮೇಲೇ ಇರ್ತೀರ.”

ಪಕ್ಕದಲ್ಲಿದ್ದ ಮುತ್ತುರಾಜು ಅವನ ಬೆನ್ನಿಗೊಂದು ಗುದ್ದಿದ. “ನೀನು ಕೇಳ್ದೆ ನಾನೆಂಗ್ಲಾ ಹೇಳ್ಲಿ? ನನ್ ಬಾಯಿಗೆ ಬೀಗದ ಕೈ ನೀನೇ ಕಣ್ಲಾ.”

ಎಲ್ಲರೂ ನಕ್ಕರು. ಪರ್ವತಯ್ಯನೂ ನಕ್ಕ. ನಗುವಾಗ ದವಡೆ ನೋಯಿತು.

ಮೆಟ್ಟಿಲಿಳಿಯುವಾಗ ಅವನಿಗೆ ಇಪ್ಪತ್ತೈದು ವರ್ಷದ ಹಿಂದಿನ ರಾಯಚರ್ಲು ನೆನಪಾಯಿತು, ತೆಲುಗು ಗಡಿಯ ಹಳ್ಳಿ. ಆಗಿನ್ನೂ ಅಲ್ಲಿ ಸೋಲಾರ್ ತಗಡುಗಳಿರಲಿಲ್ಲ. ಅವನು ಮೊಪೆಡ್ ಓಡಿಸಿದ್ದ, ಮುತ್ತುರಾಜು ಹಿಂದೆ ಕೂತು ದಾರಿಯುದ್ದಕ್ಕೂ ಹಾಡಿದ್ದ. ಆ ಊರಿನ ಕೊಲ್ಲಾಪುರಮ್ಮನ ಗಂಡ ಆ ಸೀಮೆಗೆಲ್ಲ ಹೆಸರಾದ ವೇಷಗಾರ, ಸತ್ತು ವರ್ಷ ತುಂಬಿರಲಿಲ್ಲ. ಅವನ ಕಿರೀಟಗಳು ಅಟ್ಟದ ಮೇಲಿದ್ದವು, ಅವನ್ನು ಬೇಡಲು ಇಬ್ಬರೂ ಹೋಗಿದ್ದರು. ಮುತ್ತುರಾಜು ಆಡದ ಮಾತಿಲ್ಲ. ಕಲೆ ಅಂದ, ಪುಣ್ಯ ಅಂದ, ಪದ ಹಾಡಿದ, ಕೊನೆಗೆ ಕಣ್ಣೀರೂ ಹಾಕಿದ. ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಬೇಸತ್ತ ಮುತ್ತುರಾಜು ಹುಣಸೆಮರದ ಕೆಳಗೆ ಟವೆಲ್ ಹಾಸಿ ಮಲಗಿಬಿಟ್ಟ. ಪರ್ವತಯ್ಯ ಜಗಲಿಯ ಮೇಲೆ ಕೂತ, ಮಂಡಿಯ ಮೇಲೆ ಕೈಯಿಟ್ಟು, ತಲೆ ತಗ್ಗಿಸಿ. ಏನೂ ಕೇಳಲಿಲ್ಲ. ನೆರಳು ಅಂಗಳ ದಾಟುವವರೆಗೂ ಕೂತೇ ಇದ್ದ. ಕೊನೆಗೆ ಬಾಗಿಲು ತೆರೆಯಿತು. ಅವಳು ಅವನ ಪಕ್ಕ ಕೂತು ಗಂಡನ ಮಾತು ತೆಗೆದಳು. ಮಾತು ಮುಗಿಸಿ ಎದ್ದಾಗ, “ಅಟ್ಟ ಹತ್ತಪ್ಪಾ” ಎಂದಳು. ಪರಿಷತ್ತು ಶುರುವಾದದ್ದು ಅಲ್ಲಿಂದ.

ಅಶ್ವಿನಿಯ ಪ್ರಸಂಗದಲ್ಲಿ ಕೊಲ್ಲಾಪುರಮ್ಮನ ಮನಸ್ಸು ಕರಗಿದ್ದು ಮುತ್ತುರಾಜುವಿನ ಹಾಡಿಗೆ. ಅವನು ಸುಳ್ಳು ಹೇಳಿದ್ದನೆಂದೂ ಅಲ್ಲ. ನಿದ್ದೆಯಿಂದ ಎದ್ದಾಗ ಕಿರೀಟ ಎದುರಿಗಿತ್ತು. ತನ್ನ ಹಾಡೇ ತಡವಾಗಿ ಕೆಲಸ ಮಾಡಿತೆಂದು ನಂಬಿದ. ಬರೆಯುವ ಮುಂಚೆ ಅಶ್ವಿನಿ ಹಳೆಯದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಲು ಪರ್ವತಯ್ಯನ ಬಳಿಗೂ ಬಂದಿದ್ದಳು. “ಅದೇನಮ್ಮ ಹೇಳೋದು, ಎಲ್ಲಾ ಗೊತ್ತಿರೋದೇ” ಎಂದು ಕಳಿಸಿದ್ದ. ಅವಳು ಇನ್ನೊಮ್ಮೆ ಕೇಳಲಿ ಎಂಬ ಆಸೆಯಿತ್ತು. ಅವಳು ಕೇಳಲಿಲ್ಲ.

ಬೆಳ್ಳಿಹಬ್ಬದ ಆಟ ರಾಯಚರ್ಲುವಿನಲ್ಲೇ ಏರ್ಪಾಡಾಯಿತು. ಹೊತ್ತು ಮುಳುಗುವ ಮುಂಚೆಯೇ ಶಾಲೆಯ ಮೈದಾನ ತುಂಬಿತ್ತು. ಆಚೆಗೆ ಕಣ್ಣು ಹರಿಯುವಷ್ಟು ದೂರ ಸೋಲಾರ್ ತಗಡುಗಳು ಕೆಂಪಗೆ ಹೊಳೆಯುತ್ತಿದ್ದವು. ಮುಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಶಾಲು ಹೊದ್ದು ಕೊಲ್ಲಾಪುರಮ್ಮ ಕೂತಿದ್ದಳು. ಪರ್ವತಯ್ಯ ತೆರೆಯ ಮರೆಯಿಂದ ಅವಳನ್ನು ನೋಡಿದ. ಅವನನ್ನು ಬಿಟ್ಟರೆ ನಿಜ ಗೊತ್ತಿದ್ದವಳು ಅವಳೊಬ್ಬಳೇ.

ಭಾಗವತರು ಪದ ಎತ್ತಿದರು. ತೆರೆ ಸರಿಯಿತು. ಮುತ್ತುರಾಜು ಬಂದ. ತಲೆಯ ಮೇಲೆ ಆವತ್ತು ಅಟ್ಟದಿಂದಿಳಿದ ಅದೇ ಕಿರೀಟ, ಹೊಸ ಬೇಗಡೆ ಕಾಗದ ಅಂಟಿಸಿಕೊಂಡು ಧಗಧಗಿಸುತ್ತಿತ್ತು. ಕುಣಿದ, ನಿಂತ, ಸಾರಥಿಯ ಕಡೆ ತಿರುಗಿದ.

ಪರ್ವತಯ್ಯ ಕೇಳಲಿಲ್ಲ.

ಮೊದಲೇ ಹಾಗೆಂದುಕೊಂಡು ಬಂದಿರಲಿಲ್ಲ. ಪ್ರಶ್ನೆ ನಾಲಿಗೆಯ ತುದಿಯಲ್ಲಿತ್ತು. ಆ ಕಿರೀಟ ನೋಡಿದ, ನಾಲಿಗೆ ಹಿಂದೆ ಸರಿಯಿತು. ಭಾಗವತರು ಮರೆತನೆಂದುಕೊಂಡು ಪದವನ್ನು ಇನ್ನೊಮ್ಮೆ ಹಾಡಿದರು. ಮುತ್ತುರಾಜು ಇನ್ನೊಂದು ಸುತ್ತು ಕುಣಿದ. ಅವನ ಮಂಡಿ ಹೋಗಿದೆಯೆಂದು ಪರ್ವತಯ್ಯನಿಗೆ ಗೊತ್ತಿತ್ತು. ಕುಣಿಯಲಿ ಎನಿಸಿತು.

“ಕೇಳ್ಲಾ” ಎಂದು ಮುತ್ತುರಾಜು ತುಟಿ ಅಲ್ಲಾಡಿಸದೆ ಪಿಸುಗುಟ್ಟಿದ. “ಮಂಡಿ ಬಿದ್ದೋಯ್ತದೆ ಕಣ್ಲಾ.”

ಪರ್ವತಯ್ಯ ದೂರ ನೋಡಿದ.

“ಏಮಯ್ಯಾ ಸಾರಥೀ, ನೋರು ಪಡಿಪೋಯಿಂದಾ?” ಎಂದು ಜನರ ನಡುವಿನಿಂದ ಯಾರೋ ತೆಲುಗಿನಲ್ಲಿ ಕೂಗಿದರು. “ಬಾಯಿ ಬಿದ್ದೋಗೈತೆ, ಸೋಡಾ ಕೊಡ್ರಲೇ!” ಎಂದು ಇನ್ನೊಬ್ಬ. ನಗು ಹರಡಿತು. ಆಟ ಕೆಡುತ್ತಿತ್ತು. ಕೆಡಲಿ, ಅವನ ಕಥೆ ಅವನ ಬಾಯಲ್ಲೇ ಕೊಳೆಯಲಿ.

ಆಗ ಮುತ್ತುರಾಜು ಕೂತುಬಿಟ್ಟ. ರಂಗದ ಅಂಚಿನಲ್ಲಿ, ಅಷ್ಟು ಭಾರದ ವೇಷದಲ್ಲಿ, ಮಂಡಿಯ ಮೇಲೆ ಕೈಯಿಟ್ಟು ತಲೆ ತಗ್ಗಿಸಿದ. ನೋವಿಗೆ ಕೂತವನು ಹಾಗಲ್ಲದೆ ಬೇರೆ ಹೇಗೆ ಕೂತಾನು? ಆದರೆ ಮೈದಾನ ಒಮ್ಮೆಗೇ ಸ್ತಬ್ಧವಾಯಿತು. ನಗುತ್ತಿದ್ದವರು ಇದೂ ಆಟದೊಳಗಿನದೇ ಎಂದುಕೊಂಡರು. ಮದ್ದಳೆಯವನು ಕೈ ತಡೆದ.

ಆ ಮೌನದಲ್ಲಿ ಕೊಲ್ಲಾಪುರಮ್ಮ ಕುರ್ಚಿಯಿಂದ ಮುಂದೆ ಬಾಗಿದಳು.

“ಇಂಗೇ! ಆವತ್ತೂ ನಮ್ ಜಗಲಿ ಮ್ಯಾಗೆ ಇಂಗೇ ಕೂತಿದ್ದ!”

ಪರ್ವತಯ್ಯ ಅವಳ ಕಡೆ ಒಂದು ಹೆಜ್ಜೆ ಇಟ್ಟ. ಹೇಳು ತಾಯಿ, ಯಾರೆಂದು ಹೇಳು.

“ಒಂದು ಮಾತಾಡ್ಲಿಲ್ಲ ಕಣಮ್ಮ, ಹೊತ್ತು ಇಳಿಯೋಗಂಟ ಇಂಗೇ ಕೂತಿದ್ದ” ಎಂದು ಅವಳು ಪಕ್ಕದವಳಿಗೆ ಬೆರಳು ಮಾಡಿ ತೋರಿಸಿದಳು. ಬೆರಳು ಕಿರೀಟದ ಕಡೆಗಿತ್ತು. “ಇವನೇ. ಈ ಮುತ್ತುರಾಜಪ್ಪನೇ.”

ಮೈದಾನ ಚಪ್ಪಾಳೆ ತಟ್ಟಿತು. ಅಶ್ವಿನಿ ಫೋನೆತ್ತಿ ಅಜ್ಜಿಯ ಮುಖ ಸೆರೆಹಿಡಿಯುತ್ತಿದ್ದಳು.

ಹಾಡು ಮುತ್ತುರಾಜುವಿನದಾಗಿತ್ತು, ಕಿರೀಟ ಅವನದಾಗಿತ್ತು. ಈಗ ಜಗಲಿಯ ಆ ಮಧ್ಯಾಹ್ನವೂ ಅವನ ಪಾಲಾಯಿತು. ಅಲ್ಲ ತಾಯಿ, ಅದು ನಾನು ಎನ್ನಬಹುದಿತ್ತು. ಆದರೆ ಯಾರೂ ಕೇಳದ ಹೆಸರನ್ನು ಸಾರಥಿ ತಾನಾಗಿ ಹೇಳಿಕೊಂಡರೆ ಜನ ಅದಕ್ಕೂ ನಗುತ್ತಾರೆ.

ಮುತ್ತುರಾಜು ತಲೆಯೆತ್ತಿ ನೋಡಿದ. ಬಣ್ಣದ ನಡುವೆ ಕಣ್ಣುಗಳು ತೇವವಾಗಿದ್ದವು. ಜಗಲಿಯ ಮೇಲೆ ಕೂತವನು ತಾನಲ್ಲವೆಂದು ಅವನಿಗೆ ಈಗ ಹೊಳೆಯಿತೋ, ಬರೀ ಮಂಡಿ ನೋಯುತ್ತಿತ್ತೋ, ಬಣ್ಣದಡಿಯ ಮುಖ ಏನನ್ನೂ ಬಿಟ್ಟುಕೊಡಲಿಲ್ಲ. ತಿಳಿಯಲು ಇದ್ದದ್ದು ಒಂದೇ ದಾರಿ.

“ಭಲಾ!” ಎಂದ ಪರ್ವತಯ್ಯ. “ಈ ರಂಗಕ್ಕೆ ಬಂದಂಥ ತಾವು ದಾರು? ತಮ್ಮ ನಾಮಾಂಕಿತವೇನು?”

ಇಷ್ಟು ವರ್ಷಗಳಲ್ಲಿ ಉತ್ತರ ಬೇಕೆಂದು ಕೇಳಿದ್ದು ಅದೇ ಮೊದಲು.

ಮುತ್ತುರಾಜು ಕೈ ಚಾಚಿದ. ಪರ್ವತಯ್ಯ ಹಿಡಿದೆತ್ತಿದ. ಎದ್ದು ನಿಂತವನ ಭಾರವೆಲ್ಲ ಒಂದು ಕ್ಷಣ ಅವನ ತೋಳಿನ ಮೇಲಿತ್ತು. ಮುತ್ತುರಾಜು ಅವನನ್ನೇ ನೋಡಿದ, ಆಮೇಲೆ ಚಪ್ಪಾಳೆಯ ಕಡೆ ನೋಡಿದ. ಆಮೇಲೆ ಎದೆಯುಬ್ಬಿಸಿ, ಬರೆದುಕೊಟ್ಟಿದ್ದನ್ನು ಒಂದಕ್ಷರ ಬಿಡದೆ ಹೇಳಿದ.

“ಎಲೈ ಸಾರಥೀ, ಈ ಕಲೆಯನ್ನು ಮಣ್ಣಿನಿಂದೆತ್ತಿದವನು, ಬುಕ್ಕಾಪಟ್ಟಣದ ಮುತ್ತುರಾಜನೆಂದು ತಿಳಿ!”

ಅವನು ಇನ್ನೂ ಪರ್ವತಯ್ಯನ ತೋಳು ಬಿಟ್ಟಿರಲಿಲ್ಲ.

“ತಿಳಿಯಿತು ಸ್ವಾಮಿ” ಎಂದ ಪರ್ವತಯ್ಯ, ಹಿಂದಿನ ಸಾಲಿಗೂ ಕೇಳುವಂತೆ. ಮದ್ದಳೆ ಶುರುವಾಯಿತು.