ಅಂಗಾತ ಈಜುವವಳು

ಮಾಲ್ವಿನಳ ಚಿತಾಭಸ್ಮದ ಕಲಶಕ್ಕೆ ತೊಡಿಸಿದ್ದ ನೀಲಿ ರಬ್ಬರಿನ ಈಜುಟೋಪಿಯನ್ನು ಎತೆಲ್ಕಾ ಎರಡೂ ಕೈಯಿಂದ ಹಿಡಿದು ಕಿತ್ತಳು. ಒಣ ರಬ್ಬರು ಸುಲಭಕ್ಕೆ ಬಿಡಲಿಲ್ಲ. ಕೊನೆಗೆ ಅದು ಚಟಾರನೆ ಕಳಚಿಕೊಂಡಾಗ ಸ್ಮಶಾನದ ಪ್ರಾರ್ಥನಾ ಕೊಠಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು.

"ಯಾರು ಹಾಕಿದ್ದು ಇದನ್ನ?"

"ನಾನೇ," ಎಂದ ಕೋಚ್ ಟಿಹಾಮೇರ್. ಕರಿ ಸೂಟಿನ ಕಾಲರಿನಿಂದ ಸೀಟಿಯ ದಾರ ಇಣುಕುತ್ತಿತ್ತು. "ಕ್ಲಬ್ಬಿನ ಟೋಪಿ, ಎತೆಲ್ಕಾ ನೇನಿ," ಎಂದ, ಹಿರಿಯಳನ್ನು ಅತ್ತೆ ಎಂದು ಕರೆಯುವ ಹಾಗೆ. "ಗೌರವಕ್ಕೆ ಅಂತ."

"ಸತ್ತ ಮೇಲೂ ನಿನ್ನ ತಂಡದಲ್ಲೇ ಇರಬೇಕೇನಪ್ಪ ಅವಳು?"

"ಬಿಡಿ ನೇನಿ," ಎಂದು ಮಾಲ್ವಿನಳ ಮಗಳು ಎನಿಕೊ ಅವಳ ತೋಳು ಹಿಡಿದಳು. "ಪಾದ್ರಿ ಬಂದ್ರು."

ಎತೆಲ್ಕಾ ಟೋಪಿಯನ್ನು ಕೈಚೀಲಕ್ಕೆ ತುರುಕಿದಳು. ಪಾದ್ರಿ ಮಾಲ್ವಿನಳ ಬಗ್ಗೆ ಹೇಳಿದ್ದೆಲ್ಲ ಸರಿಯಾಗಿಯೇ ಇತ್ತು: ನಿವೃತ್ತಿಯವರೆಗೂ ಅಂಚೆ ಕಚೇರಿಯ ಕೌಂಟರಿನಲ್ಲಿದ್ದವಳು, ಒಬ್ಬಳೇ ಮಗಳನ್ನು ಬೆಳೆಸಿದವಳು, ಈಜುವವರ ಕ್ಲಬ್ಬಿಗೆ ಪದಕ ತಂದವಳು. ಆದರೆ ಅವಳಿಗೆ ಬೇಕಾಗಿದ್ದುದೇನು ಎಂಬ ಮಾತು ಮಾತ್ರ ಅವರ ಬಾಯಲ್ಲಿ ಬರಲಿಲ್ಲ.

*

ಮಾಲ್ವಿನ ಹುಟ್ಟಿದ್ದು ಬಾಲಟನ್ ಸರೋವರದ ಉತ್ತರ ದಡದಲ್ಲಿ. ಮಲಗುವ ಕೋಣೆಯ ಕಿಟಕಿಯಿಂದ ಎದುರು ದಡದ ದೀಪಗಳು ಕಾಣುತ್ತಿದ್ದವು. ಪ್ರತಿ ಜುಲೈನಲ್ಲಿ ಒಂದು ದಿನ ಕಾವಲು ದೋಣಿಗಳು ಸಾಲಾಗಿ ನಿಲ್ಲುತ್ತವೆ, ಸಾವಿರಾರು ಜನ ಈ ದಡದಿಂದ ಆ ದಡಕ್ಕೆ ಈಜುತ್ತಾರೆ. ಅವಳು ಮಾತ್ರ ಫೆರಿಯಲ್ಲಿ ಬಿಟ್ಟರೆ ಎಂದೂ ದಾಟಿದವಳಲ್ಲ. ಬೆನ್ನುನೋವಿಗೆಂದು ವೈದ್ಯರು ಈಜುಕೊಳಕ್ಕೆ ಕಳಿಸಿದಾಗ, ಪಕ್ಕದಲ್ಲಿ ಈಜುತ್ತಿದ್ದ ಎತೆಲ್ಕಾಳಿಗೆ ಅವಳು ಮೊದಲು ಹೇಳಿದ ಮಾತೇ ಅದು: ಒಂದು ಸಲ ದಾಟಬೇಕು.

"ನಾನೂ ಬರ್ತೀನಿ. ಇಬ್ರೂ ಒಟ್ಟಿಗೆ. ಒಬ್ಬಳನ್ನ ಬಿಟ್ಟು ಇನ್ನೊಬ್ಬಳು ಹೋಗೋ ಹಾಗಿಲ್ಲ," ಎಂದಿದ್ದಳು ಎತೆಲ್ಕಾ.

ಆದರೆ ಟಿಹಾಮೇರ್ ಮಾಲ್ವಿನಳಲ್ಲಿ ಕಂಡದ್ದು ಅವಳ ವಯಸ್ಸನ್ನು. ಹಿರಿಯರ ರಿಲೇಯಲ್ಲಿ ನಾಲ್ವರ ವಯಸ್ಸನ್ನೂ ಕೂಡಿಸಿ ವರ್ಗ ನಿರ್ಧರಿಸುತ್ತಾರೆ. ಮೊತ್ತ ದೊಡ್ಡದಾದಷ್ಟೂ ಎದುರಾಳಿಗಳು ಕಡಿಮೆ. ನಾಲ್ಕು ಬಗೆಯ ಈಜಿನ ರಿಲೇಯಲ್ಲಿ ಮೊದಲ ಸರದಿ ಅಂಗಾತ ಈಜುವವರದು. ಅವರು ನೀರಿನಲ್ಲಿ ನಿಂತೇ ಹೊರಡಬಹುದು, ಮೇಲಿನಿಂದ ಧುಮುಕಬೇಕಿಲ್ಲ. ಧುಮುಕಲು ಹೆದರುವ ವಯಸ್ಸಾದ ಹೆಂಗಸಿಗೆ ಇದಕ್ಕಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ.

ಹಾಗಾಗಿ ಸಂಜೆ ಅಭ್ಯಾಸದ ಪಟ್ಟಿ ಬರೆಯುವ ಹಲಗೆಯಲ್ಲಿ ಅವಳ ಹೆಸರಿನ ಮುಂದೆ ಯಾವಾಗಲೂ ಒಂದೇ ಕೆಲಸ: ಅಂಗಾತ, ಕೊಳದ ಒಂದು ಉದ್ದ, ಜೋರಾಗಿ. ನಿಲ್ಲು. ಮತ್ತೆ ಒಂದು ಉದ್ದ.

"ನನಗೆ ನಿಲ್ಲದೆ ಈಜೋದು ಕಲಿಸು ಮಗಾ," ಎನ್ನುತ್ತಿದ್ದಳು.

"ಮೊದಲು ವೇಗ, ಆಮೇಲೆ ದೂರ, ಮಾಲ್ವಿನ್ ನೇನಿ. ಚಾಂಪಿಯನ್‌ಶಿಪ್ ಒಂದು ಮುಗೀಲಿ."

ಚಾಂಪಿಯನ್‌ಶಿಪ್ ಮುಗಿಯುವ ಹೊತ್ತಿಗೆ ಪ್ರತಿ ವರ್ಷ ಸರೋವರದ ದಿನವೂ ಮುಗಿದಿರುತ್ತಿತ್ತು. ಅಂಗಾತ ಈಜುವವರಿಗೆ ಎದುರು ದಡ ಕಾಣುವುದಿಲ್ಲ. ಮಾಲ್ವಿನ ಅಷ್ಟು ವರ್ಷ ನೋಡಿದ್ದು ಈಜುಕೊಳದ ಚಾವಣಿಯನ್ನು. ಅಲ್ಲಿ ತೇವಕ್ಕೆ ಸುಣ್ಣ ಎದ್ದಿತ್ತು.

*

ಈ ವಸಂತದಲ್ಲಿ, ಬಟ್ಟೆ ಬದಲಿಸುವ ಕೋಣೆಯಲ್ಲಿ ಎತೆಲ್ಕಾ ಅವಳನ್ನು ಹಿಡಿದು ನಿಲ್ಲಿಸಿದ್ದಳು.

"ಈ ಸಲ ರಿಲೇ ಆಗಲ್ಲ ಅಂತ ಟಿಹಾಮೇರ್‌ಗೆ ಹೇಳಿದ್ಯಾ?"

"ಹೇಳಿದೆ ಕಣೆ. ನಾನಿಲ್ದಿದ್ರೆ ಮೊತ್ತ ಸಾಲಲ್ಲ, ಅರವತ್ತರ ಪಡ್ಡೆ ಹುಡುಗರ ಜೊತೆ ಈಜಬೇಕಾಗತ್ತಂತೆ. ಮುಖ ಇಷ್ಟು ಸಣ್ಣ ಮಾಡ್ಕೊಂಡ."

"ಅದಕ್ಕೆ?"

"ಮುಂದಿನ ಬೇಸಿಗೆ ನೋಡೋಣ ಅಂದೆ." ಮಾಲ್ವಿನ ತಲೆ ಒರೆಸಿಕೊಳ್ಳುತ್ತ ನಕ್ಕಿದ್ದಳು. "ಆಗ ನನಗೆ ಇನ್ನೊಂದು ವರ್ಷ ಜಾಸ್ತಿಯಾಗಿರತ್ತೆ. ಅವನಿಗೆ ಇನ್ನೂ ಲಾಭ."

"ಥೂ, ನಿನ್ನ ಮರ್ಯಾದಸ್ತಿಕೆಗಿಷ್ಟು!" ಎಂದು ಎತೆಲ್ಕಾ ಬಾಗಿಲು ಬಡಿದು ಹೋಗಿದ್ದಳು. ಅದಾಗಿ ಎರಡು ದಿನ ಅವಳ ಜೊತೆ ಮಾತಾಡಿರಲಿಲ್ಲ.

ಜೂನ್ ತಿಂಗಳ ಒಂದು ಬೆಳಿಗ್ಗೆ, ಕಾಫಿಗೆ ನೀರಿಟ್ಟ ಮಾಲ್ವಿನ ಅಡುಗೆಮನೆಯಲ್ಲೇ ಕುಸಿದಿದ್ದಳು.

*

ಕಲಶವನ್ನು ಮಣ್ಣು ಮಾಡಿ ಎಲ್ಲರೂ ಎನಿಕೊಳ ಮನೆಯಲ್ಲಿ ಸೇರಿದರು. ಮೇಜಿನ ಮೇಲೆ ಉಪ್ಪು ಪೊಗಾಚ ಬಿಸ್ಕತ್ತು, ಏಪ್ರಿಕಾಟಿನ ಬ್ರಾಂದಿ ಪಾಲಿಂಕಾ. ರಿಲೇಯಲ್ಲಿ ಮಾಲ್ವಿನಳ ನಂತರ ನೀರಿಗೆ ಧುಮುಕುತ್ತಿದ್ದ ಡೆಜೋ ಲೋಟ ಎತ್ತಿದ.

"ಮುಟ್ಟೋದಕ್ಕೆ ಮುಂಚೆ ಪ್ರತಿ ಸಲ ಗೋಡೆಗೆ ತಲೆ ಹೊಡ್ಕೋತಿದ್ಲು. ಟಣ್ ಅಂದ್ರೆ ನಾನು ಹಾರಬೇಕು. ಅಂಥ ಗಂಟೆ ಇನ್ನೆಲ್ಲಿ ಸಿಗತ್ತೆ!"

ಅಳುತ್ತಿದ್ದವರೂ ನಕ್ಕರು. ಎತೆಲ್ಕಾ ಕೂಡ ನಕ್ಕಳು. ಆಗ ಟಿಹಾಮೇರ್ ಕುರ್ಚಿಯನ್ನು ಅವಳ ಪಕ್ಕಕ್ಕೆ ಎಳೆದುಕೊಂಡು ದನಿ ತಗ್ಗಿಸಿ ಕೇಳಿದ:

"ನೇನಿ, ತಪ್ಪು ತಿಳೀಬೇಡಿ. ಈ ವರ್ಷ ನಿಮಗೆ ಎಷ್ಟು ತುಂಬತ್ತೆ?"

ಡೆಜೋ ಲೋಟ ಕೆಳಗಿಟ್ಟ.

"ಬೂದಿ ಇನ್ನೂ ಆರಿಲ್ಲ ಕಣೋ!" ಎಂದು ಎತೆಲ್ಕಾ ಅವನತ್ತ ತಿರುಗಿದಳು. "ಸತ್ತವಳ ಜಾಗಕ್ಕೆ ಇನ್ನೊಂದು ಮುದಿ ಎಮ್ಮೆ ಹುಡುಕ್ತಿದೀಯಾ? ಹಲ್ಲೆಣಿಸಿ ನೋಡು, ಬಾ!"

ಟಿಹಾಮೇರನ ಮುಖ ಕೆಂಪಾಯಿತು. "ನನಗೋಸ್ಕರಾನಾ? ಪದಕ ತೋರಿಸದೇ ಇದ್ರೆ ಪುರಸಭೆ ಕೊಳದಲ್ಲಿ ನಮ್ಮ ಸಂಜೆ ಹೊತ್ತಿನ ನೀರನ್ನ ಮಕ್ಕಳ ಕ್ಲಬ್ಬಿಗೆ ಕೊಡತ್ತೆ. ಮಾಲ್ವಿನ್ ನೇನಿಗೆ ಅದು ಗೊತ್ತಿತ್ತು. ನಿಮಗೆಲ್ಲ ನೀರು ಉಳಿಸಿಕೊಟ್ಟಿದ್ದೇ ಅವರು."

ಅದು ಸುಳ್ಳಲ್ಲ ಎಂದು ಎತೆಲ್ಕಾಳಿಗೂ ಗೊತ್ತಿತ್ತು. ಅದಕ್ಕೇ ಅವಳ ಸಿಟ್ಟು ಇನ್ನೂ ಏರಿತು.

"ನೀರು ಕೊಟ್ಟೆ, ನಿಜ. ಈಜೋಕೆ ಬಿಡಲಿಲ್ಲ." ಕೈಚೀಲದಿಂದ ಟೋಪಿ ತೆಗೆದು ಅವನ ತಟ್ಟೆಯ ಮೇಲೆ ಎಸೆದಳು.

"ಸಂಜೆ ಅಭ್ಯಾಸ ಇದೆ," ಎಂದ ಅವನು, ಎದ್ದು ನಿಂತು. "ಅವರಿದ್ದಿದ್ರೆ ತಪ್ಪಿಸ್ತಿರಲಿಲ್ಲ."

ಅವನು ಹೋದ ಮೇಲೆ ಎನಿಕೊ ತಟ್ಟೆಯಿಂದ ಟೋಪಿ ಎತ್ತಿಕೊಂಡಳು. "ಅಮ್ಮ ದಾಟೋ ದಿನ ಕಾವಲು ದೋಣಿಯಲ್ಲಿ ನಿಂತಿರ್ತೀನಿ ಅಂದಿದ್ದೆ. ಪ್ರತಿ ವರ್ಷ ರಜಾ ಹಾಕ್ತಿದ್ದೆ, ಪ್ರತಿ ವರ್ಷ ವಾಪಸ್ ತಗೋತಿದ್ದೆ. ನೀವೊಬ್ಬರೇ ಆದ್ರೂ ಹೋಗ್ತೀರಾ ನೇನಿ?"

ಎತೆಲ್ಕಾ ಕೈಚೀಲ ಎತ್ತಿಕೊಂಡಳು. ಈಜುಡುಪು ತರಲು ಮನೆಗೆ ಹೊರಟಳು. ಎನಿಕೊ ಬಟ್ಟೆ ಕೂಡ ಬದಲಿಸದೆ ಅವಳ ಹಿಂದೆಯೇ ನಡೆದಳು.

*

ಹಲಗೆಯಲ್ಲಿ ಮಾಲ್ವಿನಳ ಹೆಸರನ್ನು ಒರೆಸಿದ ಗುರುತಿನ ಮೇಲೇ ಎತೆಲ್ಕಾ ಎಂದು ಬರೆದಿತ್ತು: ಅಂಗಾತ, ಒಂದು ಉದ್ದ, ಜೋರಾಗಿ.

ಅವಳು ಬರಿತಲೆಯಲ್ಲಿ ಏಣಿ ಇಳಿದಳು. "ಟೋಪಿ!" ಎಂದು ಕೂಗಿದ ಟಿಹಾಮೇರ್. ಅವಳು ಮುಖ ಕೆಳಗೆ ಹಾಕಿ ಗೋಡೆಯನ್ನು ಒದ್ದು ಹೊರಟಳು. ಬಿಳಿ ಕೂದಲು ಹಿಂದೆ ಹರಡಿಕೊಂಡಿತು. ಆ ಕೊನೆಯಲ್ಲಿ ಸೀಟಿ ಕೇಳಿತು. ಅವಳು ನಿಲ್ಲಲಿಲ್ಲ; ಗೋಡೆ ಮುಟ್ಟಿ ತಿರುಗಿದಳು. ಈ ಕೊನೆಯಲ್ಲಿ ಮತ್ತೆ ಸೀಟಿ. ಮತ್ತೆ ತಿರುಗಿದಳು. ಸರದಿಗೆ ಕಾಯುತ್ತಿದ್ದ ಡೆಜೋ ಅವಳಿಗೆ ಜಾಗ ಬಿಟ್ಟು ಸಾಲಿನ ಹಗ್ಗದಡಿ ನುಸುಳಿ ಪಕ್ಕದ ಸಾಲಿಗೆ ಹೋದ. ಒಬ್ಬೊಬ್ಬರಾಗಿ ಉಳಿದವರೂ ಹೋದರು.

ಉಸಿರಿಗೆಂದು ಮುಖ ಹೊರಳಿಸಿದಾಗ ಎತೆಲ್ಕಾಳಿಗೆ ಕೊಳದ ಅಂಚಿನಲ್ಲಿ ಎರಡು ಕಪ್ಪು ಬೂಟು ಕಂಡವು, ಸ್ಮಶಾನದ ಮಣ್ಣು ಇನ್ನೂ ಮೆತ್ತಿಕೊಂಡಿದ್ದ ಬೂಟುಗಳು. ಒದ್ದೆ ಹಂಚಿನ ಮೇಲೆ ಅವು ಅವಳಷ್ಟೇ ನಿಧಾನಕ್ಕೆ ಸಾಗುತ್ತಿದ್ದವು. ಅವಳು ತಿರುಗಿದಲ್ಲಿ ಅವೂ ತಿರುಗಿದವು.

ಟಿಹಾಮೇರ್ ಸೀಟಿಯನ್ನು ತುಟಿಗಿಟ್ಟುಕೊಂಡೇ ನಿಂತಿದ್ದ. ಅಂಚಿನಲ್ಲೇ ನಡೆಯುತ್ತ ಎನಿಕೊ ಎದುರಿಗೆ ಬಂದಾಗ ಎರಡು ಹೆಜ್ಜೆ ಹಿಂದೆ ಸರಿದು ದಾರಿ ಬಿಟ್ಟ.